ಉರಿಯದ ಗ್ಯಾಸು

ಅಂಕಲ್, ನಿಮ್ಮ ಗ್ಯಾಸ್ ಕೆಡಿಸಿದವಳು ನಾನು. ನಿಮ್ಮ ಕೈಯಲ್ಲ, ಈ ದೇಶದ ಚಳಿಯಲ್ಲ — ನಾನು, ಪಕ್ಕದ ಮನೆಯ ಸುಮಾ.

ಲಿಟಲ್ ಎಲ್ಮ್‌ನಲ್ಲಿ ನಮ್ಮ ಎರಡು ಹಿತ್ತಿಲುಗಳ ನಡುವೆ ಇದ್ದದ್ದು ಒಂದು ಮರದ ಬೇಲಿ. ಆಚೆ ನಿಮ್ಮ ಮಗನ ಮನೆ, ಈಚೆ ಒಬ್ಬಳೇ ನಾನು. ಹುಬ್ಬಳ್ಳಿಯಿಂದ ಬಂದ ನೀವು ಸುಮ್ಮನೆ ಕೂರುವ ಜನವಲ್ಲ. ದೊಡ್ಡ ಡ್ರಮ್ಮಿನಲ್ಲಿ ಸಗಣಿ ನೀರು ಕಲಸಿ, ಅದರೊಳಗೆ ತುಸು ಸಣ್ಣದೊಂದು ನೀಲಿ ಡ್ರಮ್ಮನ್ನು ಬೋರಲು ಹಾಕಿದಿರಿ. ತರಕಾರಿ ಸಿಪ್ಪೆ, ಮುಸುರೆ ಒಳಗೆ ಕೊಳೆತು ಗ್ಯಾಸ್ ಆದಂತೆ ನೀಲಿ ಡ್ರಮ್ಮು ತೇಲಿ ಮೇಲೇಳುತ್ತಿತ್ತು. ಕೊಳವೆ ಜೋಡಿಸಿದ ಒಲೆ ಹಚ್ಚಿದರೆ ಮೆಲ್ಲಗೆ ಇಳಿಯುತ್ತಿತ್ತು. ಒತ್ತಡಕ್ಕೆಂದು ಅದರ ತಲೆಯ ಮೇಲೊಂದು ಇಟ್ಟಿಗೆ. ಬೇಲಿಯ ಮೇಲಿನಿಂದ ಆ ಇಟ್ಟಿಗೆ ಕಂಡ ಸಂಜೆ ನಿಮ್ಮ ದನಿಯೂ ಬರುತ್ತಿತ್ತು: “ಡ್ರಮ್ ಎದ್ದೈತಿ, ಚಾ ಕುಡಿಯಾಕ ಬಾರವಾ.”

ಈ ಊರಿನಲ್ಲಿ ನನ್ನನ್ನು ಹಾಗೆ ಕರೆಯುವವರು ಬೇರೆ ಯಾರೂ ಇರಲಿಲ್ಲ. ಮನೆಯಿಂದಲೇ ಮಾಡುವ ಆಫೀಸಿನ ಮೀಟಿಂಗ್ ನಡುವೆಯೂ ಕಿಟಕಿಯಿಂದ ಇಟ್ಟಿಗೆ ಹುಡುಕುತ್ತಿದ್ದೆ — ನಗಬೇಡಿ.

ಆ ಭಾನುವಾರ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನೀವೆಲ್ಲ ದೂರದ ಪೇರ್‌ಲ್ಯಾಂಡಿನ ದೇವಸ್ಥಾನಕ್ಕೆ ಹೋಗಿದ್ದಿರಿ. ನಾನು ಕರೆದವರಿಗೆಲ್ಲ ಅದೇ ದಿನ ಫ್ರಿಸ್ಕೋದಲ್ಲಿ ಇನ್ನೊಬ್ಬರ ಗೃಹಪ್ರವೇಶದ ಕರೆಯೂ ಇತ್ತು. ಬಂದದ್ದು ಎರಡು ಸಂಸಾರ, ಅವರೂ ಅವಸರದಲ್ಲಿ. ಟ್ರೇಗಟ್ಟಲೆ ಪುಳಿಯೋಗರೆ, ಮೊಸರನ್ನ ಮುಟ್ಟಿದವರಿಲ್ಲದೆ ಉಳಿಯಿತು. ನೈವೇದ್ಯ ಮಾಡಿದ್ದನ್ನು ಕಸದ ಡಬ್ಬಿಗೆ ಹಾಕಲು ಕೈ ಬರಲಿಲ್ಲ. ಫ್ರಿಜ್ಜಿಗೆ ತುಂಬಿ ವಾರವಿಡೀ ಒಬ್ಬಳೇ ತಿನ್ನುವ ಧೈರ್ಯವೂ ಇರಲಿಲ್ಲ. ನಿಮ್ಮ ಗೇಟು ತೆಗೆದು ಎಲ್ಲವನ್ನೂ ಡ್ರಮ್ಮಿಗೆ ಸುರಿದೆ. ಅನ್ನ ವ್ಯರ್ಥವಾಗುವುದಿಲ್ಲ, ಬೆಂಕಿಯಾಗುತ್ತದೆ ಎಂದುಕೊಂಡೆ — ಇಲ್ಲ, ಅದು ಆಮೇಲೆ ಹೊಂದಿಸಿಕೊಂಡ ಮಾತು. ಬಾರದವರ ಊಟ ನನ್ನ ಕಣ್ಣಿಗೆ ಬೀಳಬಾರದಿತ್ತು, ಅಷ್ಟೇ. ನೀವು ಎಷ್ಟು ಸಲ ಹೇಳಿದ್ದಿರಿ: “ಅದರ ಹೊಟ್ಟಿ ಸಣ್ಣದೈತಿ, ದಿನಕ್ಕ ಒಂದ ಬಟ್ಟಲ. ಹುಳಿ ಅಂತೂ ಬ್ಯಾಡ.” ನನಗೆ ಗೊತ್ತಿತ್ತು.

ಎರಡು ದಿನ ಕಳೆದು ಡ್ರಮ್ಮು ಹಿಂದೆಂದೂ ಏಳದಷ್ಟು ಎದ್ದಿತು. ನೀವು ಕುಣಿಯುವುದೊಂದು ಬಾಕಿ. “ಬಾರವಾ, ಇವತ್ತ ಎರಡೆರಡು ಕಪ್!” ಕಡ್ಡಿ ಗೀರಿದಿರಿ. ಒಲೆ ಹತ್ತಲಿಲ್ಲ. ಇನ್ನೊಂದು ಗೀರಿದಿರಿ. ಮತ್ತೂ ಒಂದು. ಹುಳಿ ಹೆಚ್ಚಾಗಿ ಉರಿಯುವ ಗ್ಯಾಸ್ ಹುಟ್ಟಿಸುವ ಜೀವಾಣುಗಳು ಕೆಟ್ಟಿದ್ದವು; ಡ್ರಮ್ಮಿನ ತುಂಬ ಇದ್ದದ್ದು ಉರಿಯದ ಗಾಳಿ. ವಾಸನೆ ಬೇರೆ. ನೀವು ನನ್ನತ್ತ ತಿರುಗಿದಿರಿ: “ಯಾರರೆ ಏನರೆ ಹಾಕ್ಯಾರೇನವಾ ಇದಕ್ಕ?”

“ಗೊತ್ತಿಲ್ಲ, ಅಂಕಲ್.”

ಅಂದೇ ಹೇಳಿದ್ದರೆ ಸುಣ್ಣವೋ ಹೊಸ ಸಗಣಿಯೋ ಹಾಕಿ ನೀವು ಸರಿಮಾಡಿಕೊಳ್ಳುತ್ತಿದ್ದಿರೇನೋ. ನಾನು ಹೇಳಲಿಲ್ಲ. ಡ್ರಮ್ಮು ಇಳಿಯಿತು, ಮತ್ತೆ ಏಳಲಿಲ್ಲ. ಅಕ್ಕಪಕ್ಕದವರ ದೂರಿಗೆ ಮೊದಲಿನಿಂದಲೂ ಹೆದರುತ್ತಿದ್ದ ನಿಮ್ಮ ಮಗ ಎಲ್ಲವನ್ನೂ ಖಾಲಿ ಮಾಡಿಸಿದರು. “ಈ ದೇಶದಾಗ ನನ್ನ ಕೈಗೆ ಏನೂ ಹತ್ತಂಗಿಲ್ಲ” ಎಂದು ನೀವು ಸೀಡರ್ ಪಾರ್ಕ್ ಎಂಬ ಊರಿಗೆ, ಮಗಳ ಮನೆಗೆ ಶಿಫ್ಟ್ ಆದಿರಿ. ಬೇಲಿಯ ಆಚೆಯಿಂದ ಈಗ ಯಾರೂ ಕರೆಯುವುದಿಲ್ಲ. ಆದರೂ ಸಂಜೆಯಾದರೆ ನೋಡುತ್ತೇನೆ.

ಹೋದ ತಿಂಗಳು ನಿಮ್ಮನ್ನು ನೋಡಲು ಬಂದಿದ್ದೆನಲ್ಲ — ನಿಮ್ಮ ಮೊಮ್ಮಗಳು ಸ್ಕೂಲ್ ಪ್ರಾಜೆಕ್ಟಿಗೆ ಅಂಥದ್ದೇ ಡ್ರಮ್ಮು ಬೇಕೆಂದು ಗೋಗರೆಯುತ್ತಿದ್ದಳು. “ಅಜ್ಜಾ, ಪ್ಲೀಸ್, ಲೆಟ್ಸ್ ಬಿಲ್ಡ್ ಒನ್!” ನೀವು ಅವಳ ಮುಖವನ್ನೂ ನೋಡದೆ ಹೇಳಿದಿರಿ: “ಬ್ಯಾಡ ಪುಟ್ಟಿ, ನನಗ ಅದು ಬರಂಗಿಲ್ಲ.” ನಾನು ಎದುರಿಗೇ ಕೂತು ಚಹಾ ಕುಡಿಯುತ್ತಿದ್ದೆ.

ಈ ಶನಿವಾರ ಬರುತ್ತಿದ್ದೇನೆ. ಇದನ್ನೆಲ್ಲ ಆ ಹುಡುಗಿಯ ಮುಂದೆಯೇ ಹೇಳುತ್ತೇನೆ. ಆಮೇಲೆ ನೀವು ನನ್ನನ್ನು ಚಹಾಕ್ಕೆ ಕರೆಯದೇ ಇರಬಹುದು. ಕರೆಯಿರಿ ಎನ್ನುವ ಮುಖ ನನಗಿಲ್ಲ. ಅವಳಿಗೆ ಮಾತ್ರ ಕಟ್ಟಿಕೊಡಿ. ನಿಮಗೆ ಬರುತ್ತದೆ, ಅಂಕಲ್.