ಖಲೀಲಣ್ಣ ಗೋಡೆಯೊಳಗೆ ಬಿಟ್ಟ ದಾರ

ಖಲೀಲಣ್ಣನ ಶರ್ಟಿನ ಎಡಗಡೆ ಜೇಬಿಂದ ಯಾವಾಗ್ಲೂ ಒಂದು ದಾರದ ತುದಿ ನೇತಾಡ್ತಿತ್ತು. ಬೇರೆಯವರು ಪೆನ್ ಇಟ್ಕೊಳ್ಳೋ ಜಾಗದಲ್ಲಿ ಇವರು ದಾರದುಂಡೆ ಇಟ್ಕೊಳ್ಳೋರು. ಒಂದ್ಸಲ ನಮ್ಮ ಬೀದಿಯವರೊಬ್ರು, "ಸಾಬ್ರೇ, ಪೈಜಾಮದ ಲಾಡಿ ಜೇಬಿಗೆ ಬಂದದಲ್ಲ" ಅಂತ ರೇಗಿಸಿದ್ರು. "ಇರ್ಲಿ ಬಿಡಪ್ಪ, ನಿನ್ ಲಾಡಿ ಕಿತ್ತೋದ್ರೆ ಇದೇ ಬರೋದು" ಅಂದ್ಬಿಟ್ಟು ಸೈಕಲ್ ಹತ್ತಿದ್ರು ಖಲೀಲಣ್ಣ. ನಗಲೂ ಇಲ್ಲ.

ನಂಗೆ ಅವರು ಪರಿಚಯ ಆಗಿದ್ದು ತೊಂಬತ್ತರ ದಶಕದಲ್ಲಿ. ಆಗ ನಾವು ಗುಬ್ಬಿ ಹತ್ರ ಹಳ್ಳೀಲಿದ್ವಿ. ಮನೆಗೆ ಟಿ.ವಿ. ಬಂತು, ಆಂಟೆನಾ ಕಟ್ಟೋಕೆ ತುಮಕೂರಿಂದ ಖಲೀಲಣ್ಣ ಬಂದ್ರು. ಹೆಂಚಿನ ಮೇಲೆ ಹತ್ತಿದ್ದು ನನ್ನ ತಮ್ಮ ನಾಗ. ಇಪ್ಪತ್ತು ವರ್ಷ ಅವನಿಗೆ, ಕೋತಿ ಥರ ಹತ್ತೋನು. ಅವನು ಮೇಲಿಂದ "ಈಗ ಬಂತಾ?" ಅಂತ ಕೂಗೋದು, ಇವರು ಕೆಳಗಿಂದ "ಬರೀ ಇರುವೆ ಹರಿದಾಡ್ತಾವೆ ಕಣ್ಲಾ, ಇನ್ನೊಂಚೂರು ತಿರುಗ್ಸು!" ಅನ್ನೋದು. ಚಿತ್ರ ಬಂದಾಗ ಇಡೀ ಬೀದಿ ಚಪ್ಪಾಳೆ ತಟ್ತು. ಖಲೀಲಣ್ಣ ನಾಗನ ಬೆನ್ನು ತಟ್ಟಿ, "ನನ್ ಜೊತೆ ಬಂದ್ಬಿಡೋ, ತುಮಕೂರಿನ ಛಾವಣಿ ಎಲ್ಲ ನಿಂದೇ" ಅಂದಿದ್ರು.

ಅದಾಗಿ ಮೂರು ವರ್ಷಕ್ಕೆ ನಾಗ ತೆಂಗಿನ ಮರದಿಂದ ಬಿದ್ದ. ಜೀವ ಉಳೀತು, ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ಆಸ್ಪತ್ರೆ ಹತ್ರ ಇರ್ಲಿ ಅಂತ ತುಮಕೂರಿನ ಮರಳೂರಿಗೆ ಬಂದ್ವಿ. ನಾನು ಮದುವೆ ಆಗ್ಲಿಲ್ಲ, ಆ ಕಥೆ ಇಲ್ಲಿ ಬೇಡ. ಕುಣಿಗಲ್ಲಲ್ಲಿ ಆಫೀಸ್ ಕೆಲಸ, ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಹಿಂದುಗಡೆ ರೂಮಲ್ಲಿ ನಾಗ, ಅವನನ್ನ ನೋಡ್ಕೊಳ್ಳೋಕೆ ಅವ್ವ. ಆ ರೂಮಿಂದ ಅವನು ಆಚೆಗೇ ಬರ್ತಿರ್ಲಿಲ್ಲ. ಗಾಲಿ ಕುರ್ಚಿ ಇತ್ತು, ಅದರ ಮೇಲೆ ಅವ್ವ ಬಟ್ಟೆ ಒಣಗಾಕ್ತಿದ್ಳು. "ಜಗಲಿಗೆ ಬಾರೋ" ಅಂದ್ರೆ, "ಹೋಗೋರು ಬರೋರೆಲ್ಲ ಅಯ್ಯೋ ಪಾಪ ಅನ್ಲಿ ಅಂತಾನಾ?" ಅಂತ ಗೋಡೆ ಕಡೆ ತಿರುಗೋನು.

ಆದ್ರೂ ಮಲಗಿದ್ದಲ್ಲೇ ಕಂಪ್ಯೂಟರ್ ಕಲ್ತ. ಬೆಂಗಳೂರಿನ ಒಂದು ಪ್ರೆಸ್ಸಿಗೆ ಪುಸ್ತಕ ಟೈಪ್ ಮಾಡಿಕೊಡ್ತಿದ್ದ. ಸಿ.ಡಿ. ತಗೊಂಡು ಭಾನುವಾರ ನಾನೇ ಹೋಗಿ ಕೊಟ್ಟು ಬರ್ತಿದ್ದೆ. ಎರಡು ಸಾವಿರದ ಏಳರಲ್ಲಿ ಪ್ರೆಸ್ಸಿನವರು ಕಡ್ಡಿ ಮುರಿದಂಗೆ ಹೇಳಿದ್ರು: ಇನ್ಮೇಲೆ ಇಂಟರ್ನೆಟ್ಟಲ್ಲೇ ಕಳಿಸ್ಬೇಕು, ಆಗ್ದಿದ್ರೆ ಬೇರೆಯವರನ್ನ ನೋಡ್ಕೋತೀವಿ. ಆ ಕೆಲಸ ಒಂದೇ ನಾಗನನ್ನ ಬೆಳಿಗ್ಗೆ ಎಬ್ಬಿಸ್ತಿದ್ದಿದ್ದು. ಅದೂ ಹೋದ್ರೆ ಅವನು ಏಳಲ್ಲ ಅಂತ ನಂಗೆ ಗೊತ್ತಿತ್ತು.

ಸರಿ, ಬ್ರಾಡ್‌ಬ್ಯಾಂಡ್ ಹಾಕಿಸ್ದೆ. ಅಂಗಡಿಯವನು "ವೈರ್‌ಲೆಸ್ ತಗೊಳ್ಳಿ ಮೇಡಂ, ಮನೆಯೆಲ್ಲ ಬರುತ್ತೆ" ಅಂದ. ನಂಬ್ದೆ. ರೂಟರ್ ತಂದು ಹಾಲಲ್ಲಿ ಕಬ್ಬಿಣದ ಬೀರು ಮೇಲೆ ಇಟ್ಟೆ. ಅವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಟಿ.ವಿ.ಗೆ ಹಾಕ್ತಿದ್ದಂಥದ್ದೇ ಕ್ರೋಶಾ ಕವರ್ ಹೊದಿಸಿದ್ಳು. ಹಿಂದಿನ ರೂಮಿಗೆ ಒಂದು ಗೆರೆ ಸಿಗ್ನಲ್ಲೂ ಬರ್ಲಿಲ್ಲ. ನಾಗ ಒಂದು ದಿನ ನೋಡಿದ, ಎರಡು ದಿನ ನೋಡಿದ. ಮೂರನೇ ದಿನ ಕಂಪ್ಯೂಟರ್ ಆನೇ ಮಾಡ್ಲಿಲ್ಲ.

ಆಗ ಖಲೀಲಣ್ಣ ನೆನಪಾದ್ರು. ಡಿಶ್ಶು, ಕೇಬಲ್ಲು ಬಂದು ಆಂಟೆನಾ ಕೆಲಸ ಸತ್ತೋಗಿತ್ತು. ಐವತ್ತು ದಾಟಿದ್ಮೇಲೆ ಆ ಮನುಷ್ಯ ಕಂಪ್ಯೂಟರ್ ವೈರಿಂಗ್ ಕಲ್ತಿದ್ರು. "ಆವಾಗ ಆಕಾಶ ನೋಡ್ಕೊಂಡು ಅನ್ನ ತಿಂದೆ, ಈವಾಗ ಗೋಡೆ ಬುಡ ನೋಡ್ಕೊಂಡು ತಿಂತಾವ್ನಿ" ಅನ್ನೋರು.

ಬಂದವರೇ ಮೊದಲು ಕವರ್ ತೆಗೆದ್ರು. "ಅಮ್ಮಾರೇ, ಇದೂ ಉಸಿರಾಡ್ಬೇಕಲ್ವಾ? ಈ ಸೆಕೇಲಿ ನಿಮಗೇ ಕಂಬಳಿ ಹೊದಿಸಿದ್ರೆ ಹೆಂಗಿರ್ತದೆ?" ಬೀರು ನೋಡಿದ್ರು, ಹಿಂದಿನ ರೂಮಿನ ಕಲ್ಲುಗೋಡೆಗೆ ಬೆರಳಲ್ಲಿ ಕುಟ್ಟಿದ್ರು. "ಜಯಮ್ಮ, ಮನೆ ನೋಡ್ದೆ ಡಬ್ಬ ತಂದಿದ್ದೀಯ. ಅಳತೆ ಕೊಡ್ದೆ ರವಿಕೆ ಹೊಲಿಸ್ತೀಯಾ ನೀನು?"

ಆಮೇಲೆ ಸೀದಾ ನಾಗನ ಹಾಸಿಗೆ ಪಕ್ಕ ನೆಲದ ಮೇಲೆ ಕೂತು, ಸೀಮೆಸುಣ್ಣದಲ್ಲಿ ನಮ್ಮನೆ ನಕ್ಷೆ ಬರೆದ್ರು. ಹಳೇ ಪರಿಚಯ, ಆದ್ರೆ ಕಾಲಿನ ವಿಷಯ ಎತ್ತಲೇ ಇಲ್ಲ.

"ನಾಗ, ಈ ಮನೇಲಿ ಯಾರ್ ಎಲ್ಲಿ ಕೂರ್ತಾರೆ ಹೇಳು."

"ಕೂರೋನು ನಾನೊಬ್ನೇ. ಮಿಕ್ಕೋರು ಓಡಾಡ್ತಾರೆ."

"ಸರಿ. ಕೂತು ಮಾಡೋ ಕೆಲಸಕ್ಕೆ ವೈರು. ಅದು ಕೈಕೊಡಲ್ಲ. ಓಡಾಡೋರಿಗೆ ವೈರ್‌ಲೆಸ್ಸು."

"ಹಂಗಾದ್ರೆ ನಂಗೆ ವೈರ್‌ಲೆಸ್ ಬೇಡ ಬುಡಿ."

ಖಲೀಲಣ್ಣ ಸೀಮೆಸುಣ್ಣ ಎತ್ತಿ ನಕ್ಷೇಲಿ ಜಗಲಿ ಮೇಲೆ ಒಂದು ಸುತ್ತು ಹಾಕಿದ್ರು. "ಡಬ್ಬ ಕಿಟಕಿ ಪಕ್ಕ ಇಡ್ತೀನಿ. ಇಲ್ಲಿಗೆ ಸಿಗ್ನಲ್ ಬರ್ತದೆ. ನೀನು ಬರೋದು ಬುಡೋದು ನಿಂಗೆ ಬಿಟ್ಟಿದ್ದು. ಆದ್ರೆ ಸಿಗ್ನಲ್ ಬರಲ್ಲ ಅಂತ ಮಾತ್ರ ನೆಪ ಹೇಳಂಗಿಲ್ಲ."

ಅವತ್ತು ವೈರ್ ಹಾಕ್ಲಿಲ್ಲ. ಜೇಬಿನ ದಾರ ತೆಗೆದು, ವೈರ್ ಹೋಗೋ ದಾರೀಲೆಲ್ಲ ಗೋಡೆ ಬುಡಕ್ಕೆ, ಬಾಗಿಲ ಮೇಲಕ್ಕೆ ಅಂಟಿಸಿ ಹೋದ್ರು. ಎಲ್ಲಾ ಮನೇಲೂ ಅವರದ್ದು ಇದೇ ಪದ್ಧತಿ. "ಒಂದು ದಿನ ದಾರದ ಜೊತೆ ಬಾಳ್ವೆ ಮಾಡಿ. ಎಲ್ಲಿ ಎಡವ್ತೀರೋ, ಎಲ್ಲಿ ಪೊರಕೆ ಸಿಕ್ಕಾಕೊಳ್ತದೋ ಗುರುತಿಟ್ಕೊಳ್ಳಿ. ದಾರ ಬದಲಾಯಿಸೋದು ಸುಲಭ, ತೂತು ಬದಲಾಯಿಸಕ್ಕಾಗಲ್ಲ." ಅವ್ವ ಅಡುಗೆಮನೆ ಹೊಸ್ತಿಲಲ್ಲಿ ಎರಡು ಸಲ ಎಡವಿದ್ಳು. ಮಾರನೇ ದಿನ ದಾರಿ ಬದಲಾಯ್ತು. ಆ ದಾರಾನೇ ಅಳೆದು ವೈರ್ ಕತ್ತರಿಸಿ, ಗೋಡೆ ಕೊರೆದು, ಪೈಪ್ ಇಟ್ಟು, ನಾಗನ ಮೇಜಿನ ತನಕ ತಂದು, ಅಲ್ಲಿ ಗೋಡೇಲಿ ಮುಚ್ಚಳ ಇರೋ ಒಂದು ಬಾಕ್ಸ್ ಕೂರಿಸಿದ್ರು. ಪೈಪೊಳಗೆ ವೈರ್ ಜೊತೆ ಆ ದಾರಾನೂ ಬಿಟ್ರು, ತುದಿ ಸ್ವಲ್ಪ ಆಚೆ ಕಾಣೋ ಹಂಗೆ.

"ಇದ್ಯಾಕೆ?" ಅಂದೆ.

"ನಾಳೆ ವೈರ್ ಕೆಟ್ರೆ ಹೊಸದನ್ನ ಇದಕ್ಕೆ ಕಟ್ಟಿ ಎಳೆದ್ರಾಯ್ತು. ನಾನೇ ಬರ್ಬೇಕು ಅಂತೇನಿಲ್ಲ."

ನಾಗನ ಕೆಲಸ ಉಳೀತು. ಆರು ತಿಂಗಳಾದ್ಮೇಲೆ ಒಂದು ಸಂಜೆ ನಾನು ಬಸ್ ಇಳಿದು ಬಂದ್ರೆ, ಜಗಲೀಲಿ ಗಾಲಿ ಕುರ್ಚಿ ಮೇಲೆ ನಾಗ, ತೊಡೆ ಮೇಲೆ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು. "ಏನಕ್ಕ, ಬಾಯ್ ಬಿಟ್ಕೊಂಡು ನಿಂತೆ? ಸಿಗ್ನಲ್ ಚೆನ್ನಾಗಿದೆ ಕಣೇ" ಅಂದ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಕೊಂಡು ಅತ್ತೆ.

ಈಗ ನನ್ನ ತಪ್ಪು ಹೇಳ್ಬೇಕು. ಮುಂದಿನ ಯುಗಾದಿಗೆ ಸುಣ್ಣ ಹೊಡೀವಾಗ ಆ ದಾರದ ತುದಿ ಕಣ್ಣಿಗೆ ಬಿತ್ತು. ಏನೋ ಗಲೀಜು ಅಂತ ಎಳೆದೆ. ಬಂತು, ಬಂತು, ಪೂರ್ತಿ ಬಂತು. ಕೈಯಲ್ಲಿ ಗುಪ್ಪೆ ಆದ್ಮೇಲೆ ಏನು ಅಂತ ಹೊಳೀತು. ಖಲೀಲಣ್ಣಂಗೆ ಫೋನ್ ಮಾಡಿ ಹೇಳ್ಬಹುದಿತ್ತು. ಬೈತಾರೆ ಅಂತ ಕಸಕ್ಕೆ ಹಾಕಿ ಸುಮ್ಮನಾದೆ.

ಅದಾದ್ಮೇಲೂ ಅವರು ಆಗಾಗ ಬಂದು ನಾಗನ ಜೊತೆ ಜಗಲೀಲಿ ಟೀ ಕುಡಿದು ಹೋಗೋರು. ನಾನು ಕುಣಿಗಲ್ಲಲ್ಲಿ ಇರ್ತಿದ್ದೆ, ಸಿಗ್ತಿರ್ಲಿಲ್ಲ. ಕೆಮ್ಮು ಜಾಸ್ತಿ ಆಗಿತ್ತಂತೆ. ಎರಡು ಸಾವಿರದ ಒಂಬತ್ತರಲ್ಲಿ ಒಂದು ಶುಕ್ರವಾರ ತೀರ್ಕೊಂಡ್ರು. ನಂಗೆ ಸುದ್ದಿ ಗೊತ್ತಾಗೋ ಹೊತ್ತಿಗೆ ಮಣ್ಣಾಗಿತ್ತು.

ಎರಡು ತಿಂಗಳಿಗೆ ನಾಗನ ವೈರ್ ಕೆಡ್ತು. ಅದೇ ವಾರ ಅವನಿಗೆ ಬೆನ್ನಲ್ಲಿ ಹುಣ್ಣು, ಜ್ವರ, ಕುರ್ಚಿಗೆ ಎತ್ತಿ ಜಗಲಿಗೆ ಕರ್ಕೊಂಡು ಹೋಗೋ ಹಂಗೂ ಇಲ್ಲ. ಪ್ರೆಸ್ಸಿನವರಿಗೆ ಪುಸ್ತಕ ಕೊಡೋ ದಿನ ಹತ್ರ ಬಂದಿತ್ತು. ಹೊಸ ರಿಪೇರಿಯವನು ಬಂದು ಹಳೇ ವೈರ್ ಜೋರಾಗಿ ಎಳೆದ, ಅರ್ಧ ತುಂಡು ಕೈಗೆ ಬಂತು. "ಮೇಡಂ, ಪೈಪಲ್ಲಿ ತಿರುವು ಜಾಸ್ತಿ. ಗೋಡೆ ಒಡೀಬೇಕು" ಅಂದ. ಹುಣ್ಣಾದ ಬೆನ್ನಿಟ್ಕೊಂಡು ಮಲಗಿರೋನ ತಲೆ ಮೇಲೆ ಕಲ್ಲುಗೋಡೆ ಒಡೆಯೋದು! ನಂಗೆ ತಡೀಲಿಲ್ಲ. "ದಾರ ಬಿಟ್ಟಿದ್ರು ಕಣೋ ನಾಗ, ನಾನೇ ಕಿತ್ತಾಕಿದ್ದು" ಅಂದ್ಬಿಟ್ಟೆ.

ನಾಗ ಮಲಗಿದ್ದಲ್ಲಿಂದಲೇ ಕೈ ತೋರಿಸಿದ. "ಬಾಕ್ಸಿನ ಮುಚ್ಚಳ ತೆಗಿ ಅಕ್ಕ."

ತೆಗೆದೆ. ಒಳಗೆ ನೀಲಿ ನೈಲಾನ್ ದಾರ. ಯಾರ ಕಣ್ಣಿಗೂ ಬೀಳದ ಹಂಗೆ ಸುತ್ತಿ, ಮೊಳೆಗೆ ಗಂಟು ಹಾಕಿತ್ತು.

"ಖಲೀಲಣ್ಣ ಕೊನೇ ಸಲ ಬಂದಾಗ ದಾರ ಇಲ್ದಿರೋದು ನೋಡಿದ್ರು. ಕೆಮ್ಕೊಂಡು ಕೆಮ್ಕೊಂಡು ಎರಡು ಗಂಟೆ ಕೂತು ತೂರಿಸಿದ್ರು. ನಿಂಗೆ ಹೇಳ್ಬೇಡ ಅಂದ್ರು. ಜಯಮ್ಮ ಬೇಜಾರು ಮಾಡ್ಕೋತದೆ, ಅಂತ."

ಹೊಸ ವೈರನ್ನ ನೀಲಿ ದಾರಕ್ಕೆ ಕಟ್ಟಿದ್ವಿ. ರಿಪೇರಿಯವನು ಆ ಕಡೆಯಿಂದ ತಳ್ಳಿದ, ನಾನು ಈ ಕಡೆ ಎಳೀತಾ ಹೋದೆ. ಅರ್ಧಕ್ಕೆ ನಾಗ "ನಿಲ್ಸು" ಅಂದ.

"ಮುಂದಿನ ಸಲಕ್ಕೆ ವೈರ್ ಜೊತೆ ಇನ್ನೊಂದು ದಾರ ಕಟ್ಟಿದ್ಯಾ?"

ಕಟ್ಟಿರ್ಲಿಲ್ಲ. ಎಳೆದಷ್ಟನ್ನೂ ವಾಪಸ್ ಬಿಟ್ಟು, ದಾರ ಕಟ್ಟಿ, ಮೊದಲಿಂದ ಎಳೆದೆ.