ನಡುವೆ ತೂತಿದ್ದ ನರುಲಿ

ಮೊನ್ನೆ ಪಕ್ಕದ ಮನೆಯ ಹುಡುಗಿ ನಮ್ಮ ಕಟ್ಟೆಯ ಮೇಲೆ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಸೋಸುತ್ತಿದ್ದ ಪುಂಡಿಪಲ್ಯವನ್ನು ಬಿಟ್ಟು ಅವಳ ಪಕ್ಕ ಹೋಗಿ ಕುಳಿತೆ. ಈ ವಯಸ್ಸಿನಲ್ಲಿ ನನಗೂ ಆಸೆಯಾಗಿದೆ ಎಂದುಕೊಂಡು ಆಕೆ ಬಾಟಲಿ ಮುಂದೆ ಹಿಡಿದಳು. ಬೇಕಾದದ್ದು ಬಣ್ಣವಲ್ಲ, ವಾಸನೆ ಎಂದರೆ ಅವರವ್ವನಿಗೆ ಹೋಗಿ ಏನು ಹೇಳುವಳೋ ಎಂದು ಸುಮ್ಮನಾದೆ. ನಿಮಗಾದರೆ ಹೇಳಬಹುದು. ಅದು ನನ್ನ ಮದುವೆ ಗೊತ್ತಾದ ವಾಸನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾನ್ವಿಯ ನಮ್ಮ ಮನೆಗೆ ರಾಯಚೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನಿಗೆ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ನಾನು ಮಂಡಾಳ ಒಗ್ಗರಣೆ, ಮಿರ್ಚಿ ತಂದುಕೊಟ್ಟೆ. ತಲೆ ಎತ್ತಬೇಡ ಎಂದು ಅವ್ವ ಹೇಳಿದ್ದಳು. ಹೀಗಾಗಿ ಮುಖ ಕಾಣಲಿಲ್ಲ. ತಟ್ಟೆ ಹಿಡಿದ ಕೈ ಮಾತ್ರ ಕಂಡಿತು. ಬಲಗೈ ಹೆಬ್ಬೆರಳಿನ ಮೇಲೆ ಕಡಲೆಯಷ್ಟು ದಪ್ಪದ, ದುಂಡನೆಯ ಕರಿ ನರುಲಿ. ಉಳಿದ ಬೆರಳುಗಳು ನನಗೆ ಒಪ್ಪಿಗೆಯಾಗಿದ್ದವು.

ಆದರೆ ದೇವದುರ್ಗದಿಂದ ನನ್ನ ಸೋದರತ್ತೆ ಬಂದಿದ್ದಳು. ಅಕ್ಕಿಯಲ್ಲಿ ಹುಳ ಹುಡುಕುವ ಕಣ್ಣು ಆಕೆಯದು. ಅವರು ಹೋದ ಕೂಡಲೇ ಬಾಗಿಲು ಹಾಕಿಕೊಂಡು ಅಪ್ಪನ ಮುಂದೆ ಕುಳಿತಳು.

"ಹುಡುಗ ಛಲೋ ಅದಾನ. ಆದ್ರ ನರುಲಿ ನಡಕ ತೂತದ. ತೂತಿದ್ದ ನರುಲಿ ನಾ ಎಲ್ಲೂ ನೋಡಿಲ್ಲ."

ಅಪ್ಪನೂ ನೋಡಿರಲಿಲ್ಲ. ಅದೇನೋ ಅಂಟುಜಾಡ್ಯವಿರಬೇಕು ಎಂದು ಅವ್ವ ಅವರು ತಿಂದ ತಟ್ಟೆಯನ್ನು ಮತ್ತೆ ಮತ್ತೆ ಬೂದಿ ಹಾಕಿ ತಿಕ್ಕಿದಳು. ನಾನು ಒಳಗಿನ ಕೋಣೆಯಲ್ಲಿ ಕುಳಿತು ಉಳಿದ ಬೆರಳುಗಳಿಗಾಗಿ ಕಣ್ಣೀರು ಹಾಕಿದೆ. ನಗಬೇಡಿ, ಆಗ ನನ್ನ ಪಾಲಿಗೆ ಅವರೆಂದರೆ ಅಷ್ಟೇ.

ಕೊನೆಗೆ ಅಣ್ಣ ಹೋಗಿ ನರುಲಿಯ ಪೂರ್ವಾಪರ ತಿಳಿದುಕೊಂಡು ಬರುವುದೆಂದಾಯಿತು. ಬೆಳಗಿನ ಬಸ್ಸಿಗೆ ಹೋದವನು ಸಂಜೆಗೆ ಬರಬೇಕಿತ್ತು, ಬರಲಿಲ್ಲ. ಮರುದಿನವೂ ಬರಲಿಲ್ಲ. ಅವನಿಗೂ ತಗಲಿರಬೇಕು ಎಂದು ಅತ್ತೆ ಲೆಕ್ಕ ಹಾಕಿದಳು. ಅಪ್ಪ ರುಮಾಲು ಸುತ್ತಿಕೊಂಡು, ಮುಖ ಗಂಟು ಹಾಕಿಕೊಂಡು ಬಸ್ ಹತ್ತಿದ.

ಅಲ್ಲಿ ಆದದ್ದನ್ನು ಅಣ್ಣ ಆಮೇಲೆ ಹೇಳಿದ. ಅವನು ಹೋದಾಗ ಹೆಬ್ಬೆರಳು ಸ್ವಚ್ಛವಾಗಿತ್ತಂತೆ. ನರುಲಿ ಎಲ್ಲಿ ಹೋಯಿತೆಂದು ಕೇಳಲಾಗದೆ ಕೇಳಿದ್ದಾನೆ. ಇವರು ನಾಚುತ್ತ ಒಂದು ಗೇಣುದ್ದದ ವಿಮಾನ ತಂದು, ಬೋರಲು ಮಾಡಿ ತೋರಿಸಿದ್ದಾರೆ.

"ಇಲ್ಲಿ ಅದ ನೋಡ್ರಿ."

ನರುಲಿ ವಿಮಾನದ ಹೊಟ್ಟೆಯ ಕೆಳಗೆ ಗಾಲಿಯಾಗಿ ತಿರುಗುತ್ತಿತ್ತು. ನಮ್ಮ ಮನೆಗೆ ಹೊರಡುವ ಗಡಿಬಿಡಿಯಲ್ಲಿ ಅಂಟಿಸಲು ಹೋಗಿ, ಅದು ವಿಮಾನಕ್ಕೆ ಅಂಟುವ ಬದಲು ಇವರಿಗೇ ಅಂಟಿತ್ತು. ಕಿತ್ತರೆ ಗಾಲಿ ಮುರಿದೀತೆಂದು ಹಾಗೇ ಹೆಣ್ಣು ನೋಡಲು ಬಂದಿದ್ದರು.

ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಗಳಿಂದ ಇವರು ವಿದೇಶದ ಡಬ್ಬಿಗಳನ್ನು ತರುತ್ತಿದ್ದರು. ಒಳಗೆ ಪ್ಲಾಸ್ಟಿಕ್ಕಿನ ರೆಕ್ಕೆ, ಬಾಲ, ಗಾಲಿ ಎಲ್ಲ ಬಿಡಿಬಿಡಿ. ಕತ್ತರಿಸಿ, ಉಜ್ಜಿ, ಉಗುರುಬಣ್ಣದ್ದೇ ವಾಸನೆಯ ಅಂಟು ಹಚ್ಚಿ ಕೂಡಿಸಿದರೆ ವಿಮಾನ. ಹಳೇ ಡಬ್ಬಿಯಾದ್ದರಿಂದ ಏನಾದರೊಂದು ಕಳೆದೇ ಇರುತ್ತಿತ್ತು. ಒಂದರಲ್ಲಿ ಪೈಲಟನೇ ಇರಲಿಲ್ಲ. ಜೋಳದ ಕಾಳೊಂದಕ್ಕೆ ಮೀಸೆ ಬರೆದು ಕೂರಿಸಿದ್ದರು. ಅವನು ಬಹಳ ವರ್ಷ ಗಂಭೀರವಾಗಿ ಕುಳಿತಿದ್ದ, ಕೊನೆಗೆ ನುಸಿ ತಿಂದಿತು.

ಅಣ್ಣ ಹೊರಡಲು ಎದ್ದಾಗ ಇವರು ಎರಡು ರೆಕ್ಕೆ ಕೈಗೆ ಕೊಟ್ಟು, ಅಂಟು ಒಣಗುವ ತನಕ ಹಿಡಿದುಕೊಳ್ಳಿ ಎಂದರಂತೆ. ಬಿಟ್ಟರೆ ಸೊಟ್ಟಾಗುತ್ತದೆ. ಕೊನೆಯ ಬಸ್ಸು ತಪ್ಪಿತು. ಮರುದಿನ ಅವನನ್ನು ಯಾರೂ ತಡೆಯಲಿಲ್ಲ. ಪಾಲಿಶ್ ಕಾಗದ ಹಿಡಿದು ಉಜ್ಜುತ್ತ ತಾನೇ ಕುಳಿತ.

ಅಪ್ಪ ಒಳಗೆ ಕಾಲಿಟ್ಟಾಗ ಇವರ ಎರಡೂ ಕೈ ತುಂಬಿದ್ದವು. ಬೈಯಲು ಬಾಯಿ ತೆರೆದವನಿಗೆ ಇವರು, "ಮಾವಾರ, ಜರಾ ಬಾಲ ಹಿಡೀರಿ," ಎಂದುಬಿಟ್ಟರು. ಅಪ್ಪ ಹಿಡಿದ. ಮಾವಾರ ಅನ್ನಿಸಿಕೊಂಡು, ಕೈಯಲ್ಲಿ ಬಾಲ ಹಿಡಿದುಕೊಂಡು, ಮಗಳನ್ನು ಕೊಡುವುದಿಲ್ಲ ಎನ್ನುವುದು ಹೇಗೆ? ಅಂಟು ಒಣಗುವುದರೊಳಗೆ ಮಾತುಕತೆ ಮುಗಿದಿತ್ತು.

ಅತ್ತೆಯದು ಒಂದೇ ಪ್ರಶ್ನೆ ಉಳಿದಿತ್ತು: ಆ ವಿಮಾನ ಹಾರುತ್ತದೆಯೇ? ಇಲ್ಲ ಎಂದ ಅಪ್ಪ.

"ಹಂಗಾದ್ರ ಕೊಡು. ಹಾರಂಗಿದ್ರ ಕುಂತು ಹೋಗಿಬಿಡ್ತಿದ್ದ."

ಮದುವೆಯಾದ ಮೇಲೆ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಮೊದಲು ಬಹಳ ಸಿಟ್ಟು ಬರುತ್ತಿತ್ತು. ಒಲೆಯ ಮೇಲೆ ಬೇಳೆ ಹೊತ್ತುತ್ತಿದೆ, ನಾನು ಯಾವುದೋ ದೇಶದ ಬಾಂಬರಿನ ರೆಕ್ಕೆ ಹಿಡಿದು ಕುಳಿತಿದ್ದೇನೆ. ಆದರೆ ನೋಡಿ, ಇವರು ಮಾತು ಕಡಿಮೆಯ ಮನುಷ್ಯ. ಎದುರುಬದುರು ಕುಳಿತು, ಇಬ್ಬರೂ ಏಳಲಾಗದೆ ಇದ್ದಾಗ ಮಾತ್ರ ಬಾಯಿ ಬಿಡುತ್ತಿದ್ದರು. ಮಗಳಿಗೆ ಹೆಸರಿಟ್ಟದ್ದು, ಈ ಮನೆ ಕಟ್ಟಿಸಿದ್ದು, ನನ್ನನ್ನು ಮತ್ತೆ ಕಾಲೇಜಿಗೆ ಕಳಿಸಿದ್ದು, ಎಲ್ಲ ಹಾಗೆ ಕುಳಿತಾಗ ಆದ ತೀರ್ಮಾನಗಳು. ಜಗಳವಾಡಿದ ಸಲ ರೆಕ್ಕೆ ಜಾರಿತು. ಆ ವಿಮಾನ ಈಗಲೂ ಕಪಾಟಿನಲ್ಲಿ ಎಡಕ್ಕೆ ವಾಲಿಕೊಂಡಿದೆ.

ಇದನ್ನೆಲ್ಲ ನಿಮಗೆ ಹೇಳುತ್ತಿರುವಾಗಲೇ ಒಳಗೆ ಡಬ್ಬಿ ತೆರೆದ ಸದ್ದಾಯಿತು. ಎಂದೂ ಕರೆಯದೆ ಹೋದವಳಲ್ಲ, ಇಂದು ಹೋಗಿ ಎದುರಿಗೆ ಕುಳಿತೆ. ಇವರು ಕನ್ನಡಕದ ಮೇಲಿಂದ ನೋಡಿದರು.

"ಯಾಕ, ಏನರೆ ಮಾತಾಡೋದು ಅದ ಏನು?"

"ಅದರೀ," ಎಂದೆ. "ಅಂಟು ಸ್ವಲ್ಪ ಜಾಸ್ತಿನ ಹಚ್ರಿ."