ನಲವತ್ತೇಳರಲ್ಲಿ ಬಾಣಂತನ

ಕಿಮೋ ಶುರುವಾಗುತ್ತಿದ್ದಂತೆ ನನ್ನ ಮುಟ್ಟು ಹೇಳದೆ ಕೇಳದೆ ನಿಂತುಹೋಯಿತು. ಎಡ ಸ್ತನ ತೆಗೆದಿದ್ದ ಡಾಕ್ಟರು, ಕಾಯಿಲೆ ಮತ್ತೆ ತಲೆಯೆತ್ತದಿರಲಿ ಎಂದು ಐದು ವರ್ಷ ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಆ ಪುಟಾಣಿ ಮಾತ್ರೆ ಹೊಟ್ಟೆಗಿಳಿದದ್ದೇ ತಡ, ಮೈಯೆಲ್ಲ ಧಗಧಗ. ಮೇಲೆ ಚರ್ಮ ಮಾತ್ರ ಕಡಲೆಕಾಯಿ ಸಿಪ್ಪೆ! ಕೆರೆದಲ್ಲೆಲ್ಲ ಬಿಳಿ ಗೆರೆ. ಮಧುಗಿರಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಮ್ಮು ನಾನು. ಡಿಸೆಂಬರ್ ಚಳಿಗೆ ಮಕ್ಕಳು ಸ್ವೆಟರಿನಲ್ಲಿ ಮುದುರಿ ಕೂತಿದ್ದರೆ ನಾನು ಫ್ಯಾನ್ ಹಾಕಿಸಿ, ಅದೂ ಸಾಲದೆ ಹಾಜರಿ ಪುಸ್ತಕದಲ್ಲಿ ಬೀಸಿಕೊಳ್ಳುತ್ತಿದ್ದೆ. "ಮಿಸ್ಸು ಕೆಂಪಗಾಗವ್ರೆ, ಕೋಪ ಬಂದೈತೆ ಕಣ್ಲಾ" ಎಂದು ಹಿಂದಿನ ಬೆಂಚಿನಲ್ಲಿ ಗುಸುಗುಸು. ಕೋಪವೂ ಇತ್ತು ಅನ್ನಿ.

ನನ್ನ ಈ ಅವಸ್ಥೆ ಕಿವಿಗೆ ಬಿದ್ದ ಮೇಲೆ ಅವ್ವ ಮದಲೂರಿನಿಂದ ಹೊರಟು, ಶಿರಾದಲ್ಲಿ ಬಸ್ಸು ಬದಲಿಸಿ ಬಂದಿಳಿದಳು. ಚೀಲದಲ್ಲಿ ಹರಳೆಣ್ಣೆ, ಸೀಗೆಪುಡಿ, ಸಾಂಬ್ರಾಣಿ. ಊರಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ ನೀರು ಹುಯ್ಯಲು ಅವ್ವನೇ ಬರಬೇಕು. ಹೆಣ್ಣಿನ ಮೈ ಸೋತಿದೆ ಎಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ ಆರೈಕೆ.

"ಹಸೀ ಮೈ ಕಣಮ್ಮ ನಿಂದು, ಗಾಳಿ ತಾಗಿಸ್ಬ್ಯಾಡ" ಎಂದವಳೇ ಮೊದಲು ಫ್ಯಾನ್ ಆರಿಸಿದಳು. ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಕಟ್ಟಿದಳು.

"ಅವ್ವಾ, ನಾನೇನು ಈಗ ಹೆತ್ತಿದ್ದೀನಾ?"

"ಹೆರದಿದ್ರೇನು? ಮೈಯಿಂದ ಒಂದು ಹೋಗೈತಲ್ಲ. ಸುಮ್ಕೆ ಕೂತ್ಕೊ."

ಕೂತೆ. ದಿನಾ ಬೆಳಿಗ್ಗೆ ಹೊಗೆಯಾಡುವ ನೀರು, ಎಣ್ಣೆಯ ಪಸೆಯೂ ಉಳಿಯದಂತೆ ಸೀಗೆಪುಡಿ, ಆಮೇಲೆ ಎರಡು ಕಂಬಳಿ, ಮಂಚದ ಕೆಳಗೆ ಸಾಂಬ್ರಾಣಿ. ಉರಿಯುವ ಮೈಗೆ ಇಷ್ಟೆಲ್ಲ! ಎರಡು ವಾರದಲ್ಲಿ ತೋಳು, ಹೊಟ್ಟೆಯೆಲ್ಲ ಕೆಂಪು ದದ್ದು, ಕೆರೆದು ಕೆರೆದು ರಕ್ತ. ಅವ್ವನ ಮೇಲೆ ರೇಗಲಾರದೆ ಮಾತ್ರೆಯ ಮೇಲೆ ಸಿಟ್ಟು ತೀರಿಸಿಕೊಂಡೆ. ನುಂಗುವುದನ್ನೇ ಬಿಟ್ಟೆ. ಎಂಥ ದಡ್ಡತನ ಅಂತ ನನಗೇ ಗೊತ್ತಿತ್ತು, ಹೆದರಿಕೆಯೂ ಆಗುತ್ತಿತ್ತು, ಆದರೂ ಬಿಟ್ಟೆ.

ಓದು ಬಾರದಿದ್ದರೂ ಲೆಕ್ಕ ಇಟ್ಟಿದ್ದ ಅವ್ವ ಆರನೇ ದಿನ ಮಾತ್ರೆಯ ಬೆಳ್ಳಿ ಹಾಳೆ ಹಿಡಿದುಕೊಂಡು ಬಂದಳು. "ಇದ್ಯಾಕೆ ಸೋಮವಾರದಿಂದ ಇಂಗೇ ಐತೆ?"

"ಈ ಉರಿ, ಈ ಕೆರೆತ ನನ್ನ ಕೈಲಾಗಲ್ಲ. ಕಾಯಿಲೆ ಬಂದರೆ ಬರಲಿ ಬಿಡು" ಎಂದುಬಿಟ್ಟೆ.

ಅವ್ವ ಬೈಯಲಿಲ್ಲ. ಫೋನು ನನ್ನ ಕೈಗಿಟ್ಟು, "ಆಸ್ಪತ್ರೆಗೆ ಮಾಡು, ನಂಗೂ ಕೇಳ್ಬೇಕು" ಎಂದಳು. ಆ ಕಡೆಯ ನರ್ಸು, ಮನೆಯಲ್ಲಿ ಏನೇನು ಮಾಡುತ್ತಿದ್ದೀರಿ ಎಂದು ಕೇಳಿದರು. ಅವ್ವ ಹೆಮ್ಮೆಯಿಂದಲೇ ಒಂದೂ ಬಿಡದೆ ಒಪ್ಪಿಸಿದಳು.

"ಅಯ್ಯೋ ಅಜ್ಜಿ, ಉರಿಯೋ ಮೈಯನ್ನ ಬೇಯಿಸ್ತಿದ್ದೀರಲ್ಲ!" ಎಂದರು ನರ್ಸು. ಉಗುರುಬೆಚ್ಚಗಿನ ನೀರು, ಬೇಗ ಮುಗಿಯುವ ಸ್ನಾನ, ಸೀಗೆ ಬೇಡ, ಒತ್ತಿ ಒರೆಸಿ ಮೈ ಇನ್ನೂ ತೇವವಿರುವಾಗಲೇ ಕೊಬ್ಬರಿ ಎಣ್ಣೆ, ಹತ್ತಿ ಬಟ್ಟೆ, ಫ್ಯಾನ್ ತಿರುಗಲಿ. ಮಾತ್ರೆ ಮಾತ್ರ ಕೇಳದೆ ಬಿಡಬೇಡಿ, ನಾಳಿದ್ದು ಬಂದು ಡಾಕ್ಟರಿಗೆ ತೋರಿಸಿ ಎಂದರು.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಊರೋರ್ನೆಲ್ಲ ಚೆನ್ನಾಗಿ ನೋಡ್ಕಂಡೆ, ನನ್ ಮಗ್ಳನ್ನೇ ಸುಟ್ಬುಟ್ಟೆ." ಇದ್ದಕ್ಕಿದ್ದಂತೆ ತಲೆ ಎತ್ತಿದಳು. "ಅಲ್ಲಾ, ಅವ್ಳು ಹೇಳಿದ್ದು ಬಾಣಂತಿ ನೀರಲ್ಲ, ಕೂಸಿಗೆ ಹುಯ್ಯೋ ನೀರಲ್ವಾ? ಅದೂ ನಂಗೆ ಬತ್ತದೆ!"

ಕೆರೆತ ಇಳಿಯಲು ಹದಿನೈದು ದಿನ ಬೇಕಾಯಿತು. ಬಿಸಿ ಈಗಲೂ ಏರುತ್ತದೆ, ಹಾಜರಿ ಪುಸ್ತಕವೂ ಬೀಸುತ್ತದೆ. ಆದರೆ ನನಗೆ ನೆನಪಿರುವುದು ಆ ಫೋನಿನ ಮಾರನೆಯ ಬೆಳಿಗ್ಗೆ. ಅವ್ವ ಮೊಣಕೈ ಅದ್ದಿ ನೀರಿನ ಹದ ನೋಡಿದಳು. ಎರಡು ಚೊಂಬು ಹುಯ್ದು, ಮೆತ್ತಗೆ ಒತ್ತಿ ಒರೆಸಿ, ಅಂಗೈಯಲ್ಲಿ ಎಣ್ಣೆ ತೆಗೆದುಕೊಂಡಳು. ಕುತ್ತಿಗೆ, ಬೆನ್ನು, ತೋಳು. ಎಡಗಡೆಯ ಹೊಲಿಗೆಯ ಗುರುತಿನ ಹತ್ತಿರ ಬಂದಾಗ ಕೈ ನಿಂತಿತು. ಅಷ್ಟು ದಿನ ಅಲ್ಲಿಗೆ ಬಂದರೆ ಮುಖ ತಿರುಗಿಸಿ ನೀರು ಹುಯ್ಯುತ್ತಿದ್ದಳು. ಅವತ್ತು ನೋಡಿದಳು.

"ಇಲ್ಲೂ ಒಣಗೈತೆ" ಎಂದು ಎರಡು ಬೆರಳಲ್ಲಿ ಎಣ್ಣೆ ಸವರಿದಳು. ನಾವಿಬ್ಬರೂ ಅತ್ತೆವು. ಆಮೇಲೆ ಕೈ ಒರೆಸಿಕೊಂಡು, ಸೊಂಟದ ಗಂಟಿನಿಂದ ಆ ಮಾತ್ರೆಯ ಹಾಳೆ ತೆಗೆದು ಒಂದನ್ನು ಬಿಡಿಸಿದಳು.

"ಬಾಯ್ ತೆಗಿ ಕೂಸೇ."

ತೆಗೆದೆ.